ಯುರೋಪು ಬಿಟ್ಟ ಅರ್ಜಿ

ನನ್ನ ವಿಷಯ ಯುರೋಪು. ಆ ದೇಶಗಳು ಒಂದೊಂದಾಗಿ ಒಕ್ಕೂಟ ಸೇರಿದ್ದು, ಅಮೆರಿಕದ ಜೊತೆ ಅವು ಮುನಿಸಿಕೊಳ್ಳುವುದು, ಮತ್ತೆ ರಾಜಿಯಾಗುವುದು, ಇದನ್ನೇ ವಿಶಾಖಪಟ್ಟಣದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದೆ. ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹಿಡಿದು ಧಾರವಾಡದಿಂದ ಬಂದವಳು ನಾನು. ಯುರೋಪನ್ನು ಕಣ್ಣಾರೆ ಕಂಡವಳಲ್ಲ.

ಅಧ್ಯಾಪಕರ ಸಂಶೋಧನೆಗೆ ವಿಶ್ವವಿದ್ಯಾಲಯ ಕೊಡುವ ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿ ಸೋತಿದ್ದೆ. ಮೂರನೆಯ ಸಲ ವಿಜಯವಾಡದ ಆಡಳಿತ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ಈ ಸಲದ ಪ್ರಸ್ತಾವ ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು. ಅಮೆರಿಕ ಸುಂಕ ಏರಿಸಿದ ಮೇಲೆ ಇಲ್ಲಿನ ಸಿಗಡಿ ವ್ಯಾಪಾರಿಗಳೆಲ್ಲ ಯುರೋಪಿನ ಕಡೆ ಮುಖ ಮಾಡಿದ್ದರು. ಅವೆರಡರ ಜಗಳ ನಮ್ಮ ಸಿಗಡಿ ಹೊಂಡಗಳವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂದು ನೋಡಬೇಕಿತ್ತು. ಅದಕ್ಕೆ ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಎರಡು ತಿಂಗಳು ಕೂತು ಕಡತ ಓದಬೇಕು. ಕೇಳಿದ್ದು ಅಷ್ಟೇ.

"ಮಂಗಳಗಿರಿ ಸೀರಿ ಉಟ್ಕೊಂಡು ಹೋಗು, ಆ ಕಡಿಯವ್ರಿಗೆ ಛಲೋ ಅನಸ್ತದ" ಎಂದರು ಗಂಡ. ಉಟ್ಟುಕೊಂಡೇ ಹೋದೆ.

ಸಮಿತಿಯ ಅಧ್ಯಕ್ಷರು ಎಂಜಿನಿಯರಿಂಗ್ ಕಲಿಸಿ ನಿವೃತ್ತರಾದವರು. ಮೊದಲ ಪುಟ ಮಗುಚಿ, "ಇದಿ ಮನಕೆಂದುಕು ಮೇಡಂ?" ಎಂದರು. ಇದು ನಮಗೇಕೆ ಎಂದು. ಸಿಗಡಿಯ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು, ಒಳ್ಳೊಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಗೆದ್ದೆ ಅಂದುಕೊಂಡೆ.

"ಚೆನ್ನಾಗಿದೆ ಮೇಡಂ. ಸಿಗಡಿ ಇರಲಿ, ಯುರೋಪು ತೆಗೆದುಬಿಡಿ."

ಯುರೋಪು ತೆಗೆದರೆ ಉಳಿಯುವುದೇನು ಎಂದು ಕೇಳಬೇಕಿತ್ತು. "ತೆಗೆಯುತ್ತೇನೆ ಸರ್" ಎಂದೆ. ಹದಿನಾಲ್ಕು ವರ್ಷದ ಓದು ಒಂದೇ ಉಸಿರಿನಲ್ಲಿ ಹೋಯಿತು.

ವಿಶಾಖಪಟ್ಟಣದ ಅಂಚಿನ ಪೆಂದುರ್ತಿಯಲ್ಲಿರುವ ನಮ್ಮ ಮನೆಗೆ ಬಂದು ಹೇಳಿದಾಗ ಗಂಡ ನಂಬಲಿಲ್ಲ. "ನೀ ಹೂಂ ಅಂದ್ಯಾ?"

"ಅಂದೆ."

"ಹಂಗಾರ ಅರ್ಜಿ ಹಾಕಿದ್ದಾದರೂ ಯಾಕ?"

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಮಗಳು ಪಕ್ಕಕ್ಕೆ ಬಂದು, "ಪರವಾಲೇದಮ್ಮಾ" ಎಂದು ಬೆನ್ನು ಸವರಿದಳು. ಸಮಾಧಾನ ಹೇಳುವುದಕ್ಕೂ ಅವಳಿಗೆ ಈಗ ತೆಲುಗೇ ಮೊದಲು ಬರುತ್ತದೆ.

ವಾರವಿಡೀ ಕೂತು ಪ್ರಸ್ತಾವ ತಿದ್ದಿದೆ. ಬ್ರಸೆಲ್ಸ್ ಹೋಯಿತು, ಒಕ್ಕೂಟ ಹೋಯಿತು, ಅಮೆರಿಕ ಒಂದು ಅಡಿಟಿಪ್ಪಣಿಯಾಯಿತು. ಕಳಿಸಿದ ತಿಂಗಳಿಗೆ ಉತ್ತರ ಬಂತು: ವಿಷಯ ಮೀನುಗಾರಿಕೆಗೆ ಸೇರಿದ್ದು, ಅರ್ಜಿದಾರರಿಗೆ ಆ ಕ್ಷೇತ್ರದ ಅರ್ಹತೆ ಇಲ್ಲ.

ಪತ್ರವನ್ನು ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. ಅವರು ಬಹಳ ಹೊತ್ತು ಓದಿದರು. "ಮೊದಲಿನದನ್ನೇ ಉಳಿಸಿಕೊಂಡಿದ್ದರೂ ಕೊಡ್ತಿರಲಿಲ್ಲ ಬಿಡಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕೊಡದಿದ್ದರೂ ಅದು ನನ್ನದಾಗಿರುತ್ತಿತ್ತು.

ಮುಂದಿನ ವರ್ಷ ಇಬ್ಬರೇ ವಿದ್ಯಾರ್ಥಿಗಳು ಸೇರಿದ್ದರಿಂದ ಯುರೋಪಿನ ಪಾಠವನ್ನೂ ನಿಲ್ಲಿಸಿದರು. ಈಗ ಬೆಳಿಗ್ಗೆ ಒಂಬತ್ತಕ್ಕೆ ಎಂಜಿನಿಯರಿಂಗ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆಯುವುದನ್ನು ಕಲಿಸುತ್ತೇನೆ. ಬೇಗ ಕಲಿತುಬಿಡುತ್ತಾರೆ.