ಕೂಸಿನ ಕರಡಿಗೆ

ಎಂಟನೆಯ ತಿಂಗಳಲ್ಲಿ ನನ್ನ ಕೊರಳಲ್ಲಿ ಎರಡು ಲಿಂಗಗಳಿದ್ದವು. ಒಂದು ನನ್ನದು, ಬುದ್ಧಿ ಬರುವ ಮೊದಲಿನಿಂದ ಮೈಮೇಲಿದ್ದದ್ದು. ಇನ್ನೊಂದು ಹೊಟ್ಟೆಯೊಳಗಿನ ಕೂಸಿನದು. ನಮ್ಮಲ್ಲಿ ಕೂಸು ಭೂಮಿಗೆ ಬರುವ ಮೊದಲೇ ಅದಕ್ಕೊಂದು ಲಿಂಗ ಕಟ್ಟುತ್ತಾರೆ. ಹುಟ್ಟುವವರೆಗೆ ತಾಯಿಯೇ ಹೊರುತ್ತಾಳೆ, ಹುಟ್ಟಿದ ಮೇಲೆ ಕೂಸಿನ ಕೊರಳಿಗೆ ದಾಟಿಸುತ್ತಾರೆ. ಕೊನೆಗೆ ಮಣ್ಣಿಗೆ ಹೋಗುವಾಗಲೂ ಅದು ಎಡಗೈಯಲ್ಲೇ ಇರಬೇಕು. ದೇವರನ್ನು ಗುಡಿಯಲ್ಲಿ ಬಿಟ್ಟು ಮನೆಗೆ ಬರುವ ಜನ ನಾವಲ್ಲ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು.

ಆಗ ನಾವಿದ್ದದ್ದು ಕೊಚ್ಚಿಯ ಪಾಲಾರಿವಟ್ಟಂನಲ್ಲಿ, ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ನಾನು ಎರ್ನಾಕುಲಂನ ಬ್ಯಾಂಕೊಂದರಲ್ಲಿ, ನನ್ನ ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ. ಚೊಚ್ಚಲ ಬಾಣಂತನಕ್ಕೆ ಹಾವೇರಿಗೆ, ತವರಿಗೆ ಹೋಗುವುದು ಮೊದಲೇ ಗೊತ್ತಾಗಿತ್ತು. ಆದರೆ ರಕ್ತದೊತ್ತಡ ಹೆಚ್ಚಿ, ಪ್ರಯಾಣ ಬೇಡವೇ ಬೇಡ ಎಂದರು ಡಾಕ್ಟರು. ಅವ್ವ ಬಿಡುವವಳೇ? ಊರಿನ ಅಯ್ಯನವರನ್ನೇ ರೈಲು ಹತ್ತಿಸಿಕೊಂಡು ಬಂದಳು. ಆ ಮುದುಕರು ಕೊಚ್ಚಿಯ ಹೋಟೆಲುಗಳಲ್ಲೆಲ್ಲ ಕೊಬ್ಬರಿ ಎಣ್ಣೆ ವಾಸನೆ ಎಂದು ಮುಖ ಸಿಂಡರಿಸಿ, ಬಾಳೆಹಣ್ಣು ಮಜ್ಜಿಗೆಯಲ್ಲೇ ದಿನ ಕಳೆದು, ಬೋರೆಹಣ್ಣಿನಷ್ಟಿದ್ದ ಬೆಳ್ಳಿಯ ಕರಡಿಗೆಯೊಳಗೆ ಕೂಸಿನ ಲಿಂಗವನ್ನಿಟ್ಟು ನನ್ನ ಕೊರಳಿಗೆ ಕಟ್ಟಿದರು. ಹೆರಿಗೆಗೆ ಮತ್ತೆ ಬರುತ್ತೇನೆ ಎಂದು ಅವ್ವ ಅವರ ಜೊತೆ ಊರಿಗೆ ಹೋದಳು.

ಹೆರಿಗೆ ಅವಳಿಗಾಗಿ ಕಾಯಲಿಲ್ಲ. ಒಂದು ಮಧ್ಯಾಹ್ನ ಬ್ಯಾಂಕಿನಲ್ಲೇ ನೋವು ಬಂತು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸ್ ನನ್ನ ಬಳೆ, ತಾಳಿ ಬಿಚ್ಚಿ, ಕೊನೆಗೆ ಕೊರಳಿಗೆ ಕೈ ಹಾಕಿದಳು. ಇದು ಆಭರಣವಲ್ಲ, ತೆಗೆಯುವ ಹಾಗಿಲ್ಲ ಎಂದು ನನಗೆ ಬಂದ ಹರಕುಮುರುಕು ಮಲಯಾಳದಲ್ಲಿ ಹೇಳಿದೆ. ಯಾವ ಲಾಕೆಟ್ಟೂ ಒಳಗೆ ಬರುವಂತಿಲ್ಲ ಎಂದು ಆಕೆ ಮೆಲುದನಿಯಲ್ಲೇ ಹೇಳಿ ಎರಡನ್ನೂ ಬಳೆಗಳಿದ್ದ ಪ್ಲಾಸ್ಟಿಕ್ ಕವರಿಗೇ ಹಾಕಿದಳು. ಅವಳದೇನೂ ತಪ್ಪಿಲ್ಲ. ನೋಡುವ ಕಣ್ಣಿಗೆ ಅವು ಲಾಕೆಟ್ಟುಗಳೇ.

ನನಗೆ ಎಚ್ಚರವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣ್ಣು ಕೂಸು. ಉಸಿರಾಡಿದ್ದು ಸ್ವಲ್ಪ ಹೊತ್ತು ಮಾತ್ರವಂತೆ. ನನ್ನ ಗಂಡನ ಸಹೋದ್ಯೋಗಿಯೊಬ್ಬರು ಏಲೂರಿನವರು; ಕೊಚ್ಚಿಯಲ್ಲಿ ನಮ್ಮವರನ್ನು ಮಣ್ಣು ಮಾಡಲು ಜಾಗವಿಲ್ಲವೆಂದು ತಮ್ಮೂರ ಸ್ಮಶಾನದ ಮೂಲೆಯೊಂದನ್ನು ಅವರೇ ಗೊತ್ತುಮಾಡಿಕೊಟ್ಟಿದ್ದರು. ಗಂಡ ಕೂಸನ್ನು ಒಬ್ಬನೇ ಎತ್ತಿಕೊಂಡು ಹೋಗಿ ಬಂದಿದ್ದ. ಅವನ ಅಂಗಿಯಿಂದ ಏಲೂರಿನ ಕಾರ್ಖಾನೆಗಳ ಗಬ್ಬು ವಾಸನೆ ಬರುತ್ತಿತ್ತು.

"ಕೈಯಾಗ ಲಿಂಗ ಕೊಟ್ಟಿರೇನು?" ಎಂದು ಕೇಳಿದೆ.

ಆ ಕವರು ನನ್ನ ದಿಂಬಿನ ಕೆಳಗೇ ಇತ್ತು. ನರ್ಸ್ ಜೋಪಾನವಾಗಿ ತಂದಿಟ್ಟಿದ್ದಳು. ನನ್ನ ಕೂಸು ಬರಿಗೈಯಲ್ಲಿ ಹೋಗಿತ್ತು.

ನನ್ನ ಸಿಟ್ಟಿಗೆ ಒಂದು ಜಾಗ ಬೇಕಿತ್ತು. ನರ್ಸಿನ ಮೇಲೆ ಸಿಟ್ಟು ಮಾಡಲಾರೆ, ಆ ದಿನ ಹೆಣದಂತಾಗಿದ್ದ ಗಂಡನ ಮೇಲೂ ಮಾಡಲಾರೆ. ಉಳಿದವನು ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮನೆಗೆ ಬಂದ ಮೇಲೆ ನನ್ನ ಲಿಂಗವನ್ನು ಮತ್ತೆ ಕಟ್ಟಿಕೊಳ್ಳಲಿಲ್ಲ. ಎರಡು ಕರಡಿಗೆಗಳನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿ ಸೀರೆಗಳ ಕೆಳಗೆ ತುರುಕಿದೆ. ನನ್ನ ಕೂಸಿನ ಜೊತೆ ಅಷ್ಟು ದೂರ ಹೋಗಲಾರದವನು ನನ್ನ ಎದೆಯ ಮೇಲೆ ಕೂತು ಮಾಡುವುದೇನಿದೆ ಎಂದುಕೊಂಡೆ.

ಪರ ಊರಿನಲ್ಲಿ ದೇವರನ್ನು ಬಿಡುವುದು ಬಹಳ ಸುಲಭ, ಕೇಳುವವರೇ ಇರುವುದಿಲ್ಲ. ಎರ್ನಾಕುಲಂನಲ್ಲಿ ಯಾವ ಓಣಿಗೆ ಹೋದರೂ ಯಾರದೋ ದೇವರು ಎದುರಾಗುತ್ತಾನೆ, ಗಂಟೆಯೋ ಬಾಂಗೋ ಚೆಂಡೆಯೋ ಕಿವಿಗೆ ಬೀಳುತ್ತದೆ. ಸಹೋದ್ಯೋಗಿಗಳು ಪ್ರೀತಿಯಿಂದ ತಮ್ಮ ತಮ್ಮ ದೇವರ ಹತ್ತಿರ ಕರೆದೊಯ್ಯುತ್ತಿದ್ದರು. ನಾನು ಸಂತೆಗೆ ಹೋದ ಹಾಗೆ ಹೋಗಿ ಬರುತ್ತಿದ್ದೆ. ಆದರೆ ಬಸ್ಸು ಜಗ್ಗಿದಾಗಲೆಲ್ಲ, ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಳ್ಳಲು ಕೈ ತಾನೇ ಮೇಲೇಳುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಆ ಕೈಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಳ್ಳುವಾಗ ಇಡೀ ಬಸ್ಸಿನಲ್ಲಿ ನನ್ನಷ್ಟು ಒಂಟಿ ಯಾರೂ ಇಲ್ಲ ಎನ್ನಿಸುತ್ತಿತ್ತು.

ಅವ್ವನಿಗೆ ಗೊತ್ತಾದಾಗ ದೊಡ್ಡ ರಂಪವಾಯಿತು. ಲಿಂಗವಿಲ್ಲದವಳ ಕೈಯಿಂದ ಒಂದು ತಂಬಿಗೆ ನೀರೂ ಇಸಿದುಕೊಳ್ಳುವುದಿಲ್ಲ ಎಂದಳು. ಹಾಗೆಂದವಳು ಹೆತ್ತವಳೇ ಆದ್ದರಿಂದ ನನಗೆ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಊರಿಗೆ ಹೋಗುವುದನ್ನೇ ಬಿಟ್ಟೆ.

ಗಂಡ ಮಾತ್ರ ಏನೂ ಹೇಳಲಿಲ್ಲ. ನಾನು ಮಾಡಿದ್ದನ್ನು ಉಣ್ಣುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವನ ಪೂಜೆ ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತಿತ್ತು, ಲಿಂಗಕ್ಕೆ ಹಾಯ್ ಬಾಯ್ ಹೇಳಿ ಬಂದಿರಾ ಎಂದು ನಾನೇ ಚಾಷ್ಟಿ ಮಾಡುತ್ತಿದ್ದೆ. ಈಗ ಚಹಾ ಆರಿ ತಣ್ಣಗಾದರೂ ಏಳುತ್ತಿರಲಿಲ್ಲ. ಇಷ್ಟಾದ ಮೇಲೂ ಅಷ್ಟು ಹೊತ್ತು ಏನು ಬೇಡುತ್ತಾನೋ ಎಂದು ನನಗೆ ಒಳಗೇ ಕುದಿಯುತ್ತಿತ್ತು. ಆ ಮುಚ್ಚಿದ ಬಾಗಿಲ ಈಚೆ ನಾನು, ಆಚೆ ಅವನು. ಜಗಳವಿಲ್ಲದೆಯೇ ಬೇರೆಯಾದವರ ಹಾಗೆ ಬದುಕಿದೆವು.

ಕೆಲವು ವರ್ಷಗಳ ಮೇಲೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು, ಅವನೂ ಕೇಳಿಕೊಂಡು ಅಲ್ಲಿಗೇ ಬಂದ. ಸಾಮಾನು ಕಟ್ಟುವಾಗ ಆ ಸ್ಟೀಲ್ ಡಬ್ಬಿಯನ್ನು ಮುಚ್ಚಳ ಕೂಡ ತೆಗೆಯದೆ ಸೀರೆಯಲ್ಲಿ ಸುತ್ತಿ ತಂದೆ. ಎಸೆಯುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಪಟ್ಟಂನ ಹೊಸ ಮನೆಯ ಮಾಲಕಿ ಚೇಚಿ ಮೊದಲ ದಿನವೇ ಕೇಳಿದಳು, "ಮಕ್ಕಳಿಲ್ಲೇ?" ಮಲಯಾಳದಲ್ಲಿ ಎಷ್ಟೋ ಮಾತು ನನಗೆ ಇವತ್ತಿಗೂ ತಿಳಿಯುವುದಿಲ್ಲ, ಇದು ಮಾತ್ರ ತಿಳಿಯಿತು. ಇಲ್ಲ ಎಂದೆ. ಅವತ್ತಿಡೀ ಅಡುಗೆಮನೆಯಲ್ಲಿ ನಿಂತು ಅತ್ತೆ.

ಮುಂದೆ ಒಂದು ಮಳೆಗಾಲ ಕೇರಳದಲ್ಲೆಲ್ಲ ಚಿಕುನ್‌ಗುನ್ಯಾ ಹಬ್ಬಿತು. ನಮ್ಮ ಬೀದಿಯಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲ. ಗಂಡನಿಗೂ ಬಂತು. ಜ್ವರವೇನೋ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಬೆರಳುಗಳು ಊದಿ, ಅಂಗಿಯ ಗುಂಡಿ ಹಾಕಲೂ ಬರದಂತಾಯಿತು. ಒಂದು ಬೆಳಿಗ್ಗೆ ಹೇಗೋ ಸ್ನಾನ ಮುಗಿಸಿ ಪೂಜೆಯ ಕೋಣೆಗೆ ಹೋದವನು, ಎಷ್ಟೋ ಹೊತ್ತಾದ ಮೇಲೆ ನನ್ನನ್ನು ಕರೆದ. ಅವನು ಪೂಜೆಯ ನಡುವೆ ನನ್ನನ್ನು ಕರೆದದ್ದು ಅದೇ ಮೊದಲು.

"ಗಂಟು ಬಿಚ್ಚಾಕ ಬರವಲ್ದು. ಆ ವಸ್ತ್ರದಾಗಿಂದು ತಗದು ಕೊಡು," ಎಂದ.

ವಿಭೂತಿಯ ತಟ್ಟೆಯ ಪಕ್ಕದಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು. ಬಿಚ್ಚಿದೆ. ಒಳಗೆ ಬೋರೆಹಣ್ಣಿನಷ್ಟಿದ್ದ ಕರಡಿಗೆ. ಬೆಳ್ಳಿ ತಿಕ್ಕಿ ತಿಕ್ಕಿ ಬೆಳ್ಳಗಿತ್ತು, ಶಿವದಾರ ಹೊಸದು. ಕೂಸಿನದೇ ಅದು.

"ಯಾವಾಗಿಂದ?" ಎಂದೆ.

"ನೀ ಬೀರುದಾಗ ಇಟ್ಟ ಮಾರನೇ ದಿನದಿಂದ. ಕೂಸಿನ ಲಿಂಗದ ಪೂಜಿ ಅವ್ವ ಅಪ್ಪಾನ ಮಾಡಬೇಕಲ್ಲ. ತನ್ನ ಕೈ ತನಗ ಬರೂತನಕ."

ಆ ಬಾಗಿಲ ಹಿಂದಿನ ಅಷ್ಟು ಹೊತ್ತಿನ ಲೆಕ್ಕ ನನಗೆ ಆಗ ಸಿಕ್ಕಿತು. ಅವನು ಏನನ್ನೂ ಬೇಡುತ್ತಿರಲಿಲ್ಲ. ಎರಡು ಪೂಜೆ ಮಾಡುತ್ತಿದ್ದ.

"ನಂದು?"

"ನಿಂದು ನಾ ಹ್ಯಾಂಗ ಮಾಡ್ಲಿ? ಮುಟ್ಟಿಲ್ಲ. ಡಬ್ಬ್ಯಾಗ ಐತಿ, ನೋಡು."

ನಾನು ಕೂಡಲೇ ನೋಡಲಿಲ್ಲ. ಅವನು ಎಡಗೈ ಚಾಚಿದ. ಅಂಗೈ ನೆಟ್ಟಗೆ ನಿಲ್ಲದೆ ಒಂದೇ ಸಮನೆ ನಡುಗುತ್ತಿತ್ತು. ಕರಡಿಗೆಯಿಂದ ತೆಗೆದು ಇಟ್ಟ ಲಿಂಗ ಜಾರಿ, ಮಡಿಲ ಬಟ್ಟೆಯ ಮೇಲೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಅವನ ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದುಕೊಳ್ಳಲು ನೋಡಿದೆ, ಆಗಲಿಲ್ಲ.

"ಇವತ್ತ ನೀ ಮಾಡು," ಎಂದ.

ಮೈಮೇಲೆ ಲಿಂಗವಿಲ್ಲದವಳು ನಾನು ಹೇಗೆ ಮಾಡಲಿ ಎಂದು ಕೇಳಿದೆ. ಅವನು ಹೊಸ ಶಿವದಾರವೊಂದನ್ನು ನನ್ನ ಕಡೆ ಸರಿಸಿದ.

ಬೀರು ತೆಗೆದೆ. ಡಬ್ಬಿಯೊಳಗೆ ನನ್ನ ಕರಡಿಗೆ ಒಂಟಿಯಾಗಿ ಕಪ್ಪುಗಟ್ಟಿ ಕೂತಿತ್ತು. ಕರಾವಳಿಯ ತೇವಕ್ಕೆ ದಾರ ಹಸಿರು ಬೂಸಲು ಹಿಡಿದು, ಎತ್ತಿದ ಕೂಡಲೇ ಕೈಯಲ್ಲೇ ತುಂಡಾಯಿತು. ಸ್ನಾನ ಮಾಡಿ ಬಂದು, ಒದ್ದೆ ಕೂದಲಲ್ಲೇ ಅವನ ಹತ್ತಿರವಿದ್ದ ಹೊಸ ದಾರ ಪೋಣಿಸಿದೆ. ಭಕ್ತಿ ಉಕ್ಕಿ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಕೂಸಿನದನ್ನು ಅಂಗೈಯಲ್ಲಿ ಹಿಡಿಯಬೇಕೆಂಬ ಆಸೆಗೆ ನನ್ನದನ್ನು ಕಟ್ಟಿಕೊಂಡೆ, ಅಷ್ಟೇ.

ಮೊದಲು ನನ್ನದನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅವತ್ತು ನೀನು ಎಲ್ಲಿದ್ದೆ ಎಂದು ಕೇಳಬೇಕೆಂದು ವರ್ಷಗಳಿಂದ ಕಾದಿದ್ದೆ. ಕೇಳಲು ಹೊರಟಾಗ ಉತ್ತರ ನನಗೇ ಗೊತ್ತಿತ್ತು. ಅವನು ನನ್ನ ಬಳೆಗಳ ನಡುವೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಿದ್ದಿದ್ದ. ನನ್ನಿಂದ ಕೂಸನ್ನು ಕಿತ್ತುಕೊಂಡ ದಿನವೇ ಅವನನ್ನೂ ನನ್ನಿಂದ ಬಿಚ್ಚಿ ಇಟ್ಟಿದ್ದರು. ನಾನೂ ಬಿಚ್ಚಿಯೇ ಇಟ್ಟಿದ್ದೆ. ಸಿಟ್ಟು ಪೂರ್ತಿ ಹೋಗಲಿಲ್ಲ, ಇವತ್ತಿಗೂ ಇದೆ. ಆದರೆ ಸಿಟ್ಟು ಮಾಡಲಿಕ್ಕಾದರೂ ಎದುರಿಗೆ ಅವನಿದ್ದಾನಲ್ಲ ಎನ್ನಿಸಿ ಬಿಕ್ಕಿ ಬಿಕ್ಕಿ ಅತ್ತೆ. ಗಂಡ ಗೋಡೆಗೆ ಒರಗಿ ಕೂತಿದ್ದ.

ಆಮೇಲೆ ಕೂಸಿನದು. ಅದಕ್ಕೆ ಭಾರವೇ ಇರಲಿಲ್ಲ. ನಾನು ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ, ಎತ್ತಿಕೊಂಡವನು ಅವನೊಬ್ಬನೇ. ಏಲೂರಿನವರೆಗೆ ಎತ್ತಿಕೊಂಡು ಹೋಗಿದ್ದ, ಆಮೇಲೂ ಕೆಳಗೆ ಇಳಿಸಿರಲಿಲ್ಲ. ನನ್ನ ಅಂಗೈ ಚಪ್ಪಟೆಯಾಗಿ, ಬಿಗಿಯಾಗಿ ನಿಂತಿತ್ತು. ಅವನು ನೋಡುತ್ತಿದ್ದವನು ಸ್ವಲ್ಪ ಮುಂದೆ ಬಾಗಿದ.

"ಕೈ ಸ್ವಲ್ಪ ಒಳಗ ಮಾಡು," ಎಂದ. "ಹಂಗ ಹಿಡಿದ್ರ ಬೀಳ್ತಾಳ."

ನಾನು ಕೈಯನ್ನು ಒಳಗೆ ಮಾಡಿ ಹಿಡಿದುಕೊಂಡೆ.