ಮೋತಿಯ ಬಾಣಂತನ

ಅಂಗಳದಲ್ಲಿ ಓಡುತ್ತಿದ್ದ ನಮ್ಮ ನಾಯಿ ಮೋತಿ ಧೊಪ್ಪೆಂದು ಬಿದ್ದ. ಎದ್ದು ಓಡಹೋಗಿ ಮತ್ತೆ ಬಿದ್ದ. ಮೈತುಂಬ ರಕ್ತ ಹೀರುವ ಉಣ್ಣಿ, ಕೆಂಡದಂಥ ಜ್ವರ. ಅತ್ತೆ ಅಳತೊಡಗಿದರು. ಇಬ್ಬರೂ ಸೇರಿ ಅವನನ್ನು ಆಳಂದದ ದನದ ದವಾಖಾನೆಗೆ ಒಯ್ದೆವು.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಉಣ್ಣಿ ಜ್ವರ ಎದಿಗೆ ಇಳಿದದರಿ. ಬಡಿತ ನಡುನಡುವ ತಪ್ಪಾಕತ್ತದ. ಗುಳಿಗಿ ಕೊಡ್ತೇನಿ. ಆದ್ರ ಓಡಿದ್ರ ಜೀವಕ್ಕ ಅಪಾಯ. ನಾ ಹೇಳೋ ತನಕ ಬಾಣಂತಿ ಹಂಗ ನೋಡ್ಕೊಳ್ರಿ."

"ಹಂಗ ಹೇಳಬ್ಯಾಡ್ರಿ ಸಾಹೇಬ್ರ, ಸತ್ತೇ ಹೋಗ್ತಾನ," ಎಂದೆ ನಾನು. "ಕೂಸು ಎತ್ಕೊಂಡು ನಾ ತವರಿಂದ ಬಂದ ಮರುದಿನನೇ ಈ ನಮ್ಮ ಅತ್ತಿಯವರು ಕೈಯಾಗ ಕೊಡ ಕೊಟ್ಟು ನೀರಿಗೆ ಕಳಿಸ್ಯಾರ."

ಡಾಕ್ಟರು ನಕ್ಕುಬಿಟ್ಟರು. "ಬಾಯಿ ಮುಚ್ಚ ಬೇ," ಎಂದರು ಅತ್ತೆ.

ಮನೆಗೆ ಬಂದದ್ದೇ ಅತ್ತೆ ನೆರಳಲ್ಲಿ ಕೌದಿ ಹಾಸಿದರು. ಹಾಲು-ಅನ್ನ ಕಲಸಿ ಬಾಯಿಗಿಟ್ಟರು. ಕೂತು ಕೂತು ಉಣ್ಣಿ ಹೆಕ್ಕಿದರು. ಮತ್ತೆ ತೋರಿಸಿದಾಗ ಡಾಕ್ಟರು, "ಎದಿ ಈಗ ಬರೋಬರಿ ಬಡೀತದ," ಎಂದರು.

ಮೋತಿ ಈಗ ಮೊದಲಿನಂತೆ ಓಡುತ್ತಾನೆ. ರೊಟ್ಟಿಯನ್ನು ಮಾತ್ರ ಅತ್ತೆ ಬಾಯಿಗಿಟ್ಟರಷ್ಟೇ ತಿನ್ನುತ್ತಾನೆ. ನನಗೀಗ ಎರಡನೆಯ ಬಸಿರು. ಈ ಸಲದ ಬಾಣಂತನಕ್ಕೆ ದನದ ಡಾಕ್ಟರ ಹತ್ತಿರವೇ ಚೀಟಿ ಬರೆಸಬೇಕೆಂದಿದ್ದೇನೆ.