ಯಮುನಮ್ಮನ ಬಾಯಲ್ಲಿ ಬಾರದ ಹೆಸರು

ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಸಂಜೆಯ ತನಕ ಅತಿ ಹೆಚ್ಚು ಸಲ ಕೇಳಿಬರುತ್ತಿದ್ದ ಹೆಸರು ಗುತ್ಯಪ್ಪನದು. ಅವನು ನಿಟ್ಟೂರು ಬಸ್ಸಿನ ಕಂಡಕ್ಟರ್. ‘ಗುತ್ಯಪ್ಪಾ, ಒಂಚೂರು ತಡಿ ಮಾರಾಯ, ಅಜ್ಜಿ ಬರ್ತಾ ಐತೆ’ ಎಂದು ಒಬ್ಬರು, ‘ಗುತ್ಯಪ್ಪಾ, ಈ ಬಾಳೆಗೊನೆ ಮೇಲ್ಗಡೆ ಹಾಕ್ಸು’ ಎಂದು ಇನ್ನೊಬ್ಬರು. ಶಾಲೆಯ ಮಕ್ಕಳು ಕೂಡ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದವು. ಹೀಗೆ ತಾಲ್ಲೂಕಿಗೆ ತಾಲ್ಲೂಕೇ ಕೂಗುತ್ತಿದ್ದ ಹೆಸರನ್ನು ಒಬ್ಬಳು ಮಾತ್ರ ಯಾವತ್ತೂ ಬಾಯಲ್ಲಿ ಆಡಿರಲಿಲ್ಲ. ಅವಳು ಅವನ ಹೆಂಡತಿ ಯಮುನಮ್ಮ.

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಮದುವೆಯ ದಿನವೇ ಹೇಳಿ ಕಳಿಸಿದ್ದಳು. ಯಮುನಮ್ಮ ಅದನ್ನು ನಂಬಿದ್ದಳೋ ಇಲ್ಲವೋ, ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಆದರೆ ನಂಬದೆ ಹೇಳಿಬಿಟ್ಟು, ಆಮೇಲೆ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವ ಗಂಡನಿಗೆ ಏನಾದರೂ ಆದರೆ ಯಾರನ್ನು ಕೇಳುವುದು? ರೇಷನ್ ಅಂಗಡಿಯಲ್ಲಿ ‘ಯಜಮಾನರ ಹೆಸರು?’ ಎಂದರೆ ಹಿಂದೆ ನಿಂತವರ ಮುಖ ನೋಡುತ್ತಿದ್ದಳು. ಹಿಂದೆ ನಿಂತವರು ‘ಗುತ್ಯಪ್ಪ ಅಂತ ಬರ್ಕಳಿ’ ಎನ್ನುತ್ತಿದ್ದರು. ಅವಳ ಪಾಲಿಗೆ ಅವನು ‘ನಮ್ಮವ್ರು’. ಎದುರಿಗಿದ್ದರೆ ‘ರೀ’.

ಅವಳು ಸಾಗರದ ಕಡೆಯ ಹುಡುಗಿ. ಅಪ್ಪ ಪುಟ್ಟಪ್ಪ ಗೇಣಿ ಒಕ್ಕಲು. ಉಳುವವನಿಗೆ ಹೊಲ ಬಂದ ಕಾಲದಲ್ಲಿ ಹೊಲದ ಒಡೆಯನಾದವನು. ಆ ಹುರುಪಿನಲ್ಲಿ ಮಗಳನ್ನು ಸಾಗರ ಪೇಟೆಯ ಟೈಪಿಂಗ್ ಶಾಲೆಗೆ ಸೇರಿಸಿದ. ಹಾಗಾಗಿ ಮದುವೆಯಾಗಿ ಹೊಸನಗರಕ್ಕೆ ಬಂದವಳಿಗೆ ಅಲ್ಲಿನ ಸಹಕಾರ ಸಂಘವೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ತಾತ್ಕಾಲಿಕ ಎಂದರು. ಎಪ್ಪತ್ತರ ದಶಕದಲ್ಲಿ ತಾತ್ಕಾಲಿಕವಾಗಿ ಕೂತವಳು ಎಂಬತ್ತರ ದಶಕ ಮುಗಿಯುತ್ತ ಬಂದರೂ ತಾತ್ಕಾಲಿಕವಾಗಿಯೇ ಕೂತಿದ್ದಳು. ಸರ್ಕಾರದ ತಾತ್ಕಾಲಿಕಕ್ಕೆ ಇರುವಷ್ಟು ಗಟ್ಟಿತನ ಕಲ್ಲಿಗೂ ಇಲ್ಲ.

ಟೈಪಿಂಗ್ ಮಾತ್ರ ಅವಳಿಗೆ ಉಸಿರಾಡಿದಷ್ಟು ಸಲೀಸು. ಮನಸ್ಸು ಸಂಜೆಯ ಸಾರಿನ ಯೋಚನೆಯಲ್ಲಿರುತ್ತಿತ್ತು, ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಈಗೇನು ಹೊಡೆದೆ ಎಂದು ಕೇಳಿದರೆ ಕಾಗದ ನೋಡಿಯೇ ಹೇಳಬೇಕಿತ್ತು.

ಎಂಬತ್ತೆಂಟರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಯಾರು ಕೇಳಿದ್ದರು, ಯಾರು ಕಳಿಸಿದರು ಎಂಬುದು ಕೊನೆಗೂ ಸ್ಪಷ್ಟವಾಗಲಿಲ್ಲ. ಸೆಕ್ರೆಟರಿ ಚಂದ್ರಯ್ಯನವರು ತೀರ್ಥಹಳ್ಳಿ ಕಡೆಯ ದೊಡ್ಡ ಮನೆತನದವರು, ಗಟ್ಟಿ ದನಿಯ ಒಳ್ಳೆಯ ಮನುಷ್ಯ. ಅವರು ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಟೈಪ್‌ರೈಟರ್ ತರದ್ದೇ ಕೀಲಿ ಐತಲ್ಲ. ಯಮುನಮ್ಮ, ಇದು ನಿಮ್ದೇ” ಎಂದುಬಿಟ್ಟರು. ಸದಸ್ಯರೆಲ್ಲರ ಹೆಸರು, ಊರು, ಬೆಳೆ ಅದರೊಳಗೆ ಹೋಗಬೇಕು, ಬೇಕೆಂದಾಗ ಈಚೆ ಬರಬೇಕು. ಇಷ್ಟೇ ಕೆಲಸ ಎಂದರು. ಇಷ್ಟೇ ಎಂದವರು ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ.

ಕಲಿಸಲು ಸಾಗರದಿಂದ ಗಣೇಶಮೂರ್ತಿ ಎಂಬ ತೆಳ್ಳಗಿನ ಯುವಕ ಬಂದ. ಅವನು ಹೇಳಿದ್ದು ಒಂದೊಂದೂ ಕನ್ನಡವೇ, ಆದರೂ ಯಮುನಮ್ಮನ ತಲೆ ಗಿರ್ರೆಂದಿತು. ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಎಂದ, ಒಳಗೆ ಬಂದ ಮೇಲೆ ಮೊದಲು ಬೂಟ್ ಮಾಡಿ ಎಂದ. ಫೈಲ್ ತೆಗೆಯಿರಿ ಎಂದ. ಅವಳು ಬೀರುವಿನ ಕಡೆ ಹೊರಟಾಗ ಅಲ್ಲಲ್ಲ, ಇದರೊಳಗಿನ ಫೈಲ್ ಎಂದ. ದಿನಾ ಸಂಜೆ ಎಲ್ಲವನ್ನೂ ಫ್ಲಾಪಿಗೆ ನಕಲು ಮಾಡಿ, ಒಂದು ನಕಲನ್ನು ಬೇರೆ ಮನೆಯಲ್ಲಿಡಿ, ಕಚೇರಿಗೆ ಬೆಂಕಿ ಬಿದ್ದರೂ ಅದು ಉಳಿಯಬೇಕು ಎಂದ. ಆ ನಕಲು ಚಂದ್ರಯ್ಯನವರ ಮನೆಗೆ ಹೋಯಿತು. ಅವರ ಹೆಂಡತಿ ವರದಮ್ಮ ಅದನ್ನು ಧಾರೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಕರೆಂಟ್ ಹೋಗುವ ಮುಂಚೆ ಮಷೀನು ಮುಚ್ಚಬೇಕು ಎಂದೂ ಹೇಳಿದ. ಹೋಗುವ ಮುಂಚೆ ಗೊತ್ತಾಗುವುದು ಹೇಗೆ? ಪಕ್ಕದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಎಲ್ಲೆಲ್ಲೋ ದೀಪ ಹತ್ತುತ್ತಿತ್ತು, ಹೊಸನಗರದ್ದು ಮಾತ್ರ ಹೇಳದೆ ಕೇಳದೆ ಹೋಗುತ್ತಿತ್ತು.

ಪುಟ್ಟಪ್ಪಂದಿರದು ಇನ್ನೊಂದು ಗೋಳು. ಸಂಘದಲ್ಲಿ ಕೈ ಇಟ್ಟಲ್ಲೆಲ್ಲ ಪುಟ್ಟಪ್ಪ. ಒಬ್ಬನ ಬೆಳೆ ಇನ್ನೊಬ್ಬನ ಹೊಲಕ್ಕೆ ಹೋಗಿ ಕೂರುತ್ತಿತ್ತು. “ಹೆಸರು ನಂಬಬೇಡಿ ಮೇಡಂ, ಒಬ್ಬೊಬ್ಬರಿಗೂ ಒಂದು ನಂಬರು ಕೊಡಿ. ಮಷೀನಿಗೆ ಅದೇ ಗುರ್ತು” ಎಂದು ಗಣೇಶಮೂರ್ತಿ ಉಪಾಯ ಹೇಳಿದ. ಅವಳು ಕೊಟ್ಟಳು. ವಿಷಯ ಊರಲ್ಲಿ ಹಬ್ಬಿ, ಒಬ್ಬ ಪುಟ್ಟಪ್ಪ ಛತ್ರಿ ಕುಟ್ಟುತ್ತ ಬಂದು, “ವಯಸ್ನಾಗೆ ನಾನೇ ದೊಡ್ಡೋನು. ಆ ಕೆಳಮನೆ ಪುಟ್ಟಪ್ಪ ಹೆಂಗೆ ನನ್ಕಿಂತ ಮುಂದಿನ ನಂಬರ್ ಆದ?” ಎಂದು ಜಗಳ ತೆಗೆದ. ಯಮುನಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಕಾಫಿ ತರಿಸಿಕೊಟ್ಟಳು.

ಕೊನೆಯ ದಿನ ಗಣೇಶಮೂರ್ತಿ ಪಾಸ್‌ವರ್ಡ್ ಎಂದ. ಕಂಡಕ್ಟರನ ಹೆಂಡತಿಗೆ ಪಾಸು ಎಂದರೆ ಶಾಲೆಯ ಮಕ್ಕಳ ಬಸ್ ಪಾಸು. ಅವಳ ಮುಖ ನೋಡಿ ಅವನೇ ಬಿಡಿಸಿ ಹೇಳಿದ: “ಇದೊಂಥರ ಬೀಗದ ಕೈ. ನಿಮಗೆ ಮಾತ್ರ ಗೊತ್ತಿರೋ ಒಂದು ಪದ ಹಾಕಿ. ಎಲ್ಲೂ ಬರೆದಿಡಬೇಡಿ, ಯಾರ ಮುಂದೂ ಬಾಯಿ ಬಿಡಬೇಡಿ. ಜೀವ ಹೋದ್ರೂ ನಿಮ್ಮ ಬಾಯಲ್ಲಿ ಬರಬಾರದು, ಅಂಥ ಪದ.”

ಮೊಟ್ಟಮೊದಲ ಸಲ ಅವನು ಹೇಳಿದ್ದೊಂದು ಅವಳಿಗೆ ನೆಟ್ಟಗೆ ಅರ್ಥವಾಯಿತು. ಅಂಥ ಪದ ಅವಳ ಹತ್ತಿರ ಒಂದೇ ಒಂದು ಇತ್ತು. ನಮ್ಮವ್ರ ಹೆಸರು, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಗಣೇಶಮೂರ್ತಿ ಮುಖ ಆಚೆ ತಿರುಗಿಸಿಕೊಂಡ. ಬೆರಳುಗಳು ಓಡಿದವು. ತೆರೆಯ ಮೇಲೆ ಅಕ್ಷರಗಳ ಬದಲು ಚುಕ್ಕಿ ಚುಕ್ಕಿ ನಕ್ಷತ್ರ ಮೂಡಿತು. ಕತ್ತು ಕೆಂಪಾಗುವಷ್ಟು ನಾಚಿಕೆಯಾಯಿತು. ಮರುದಿನದಿಂದ ಬೆಳಿಗ್ಗೆ ಬಂದ ಕೂಡಲೇ ಅದೇ ಪದ, ಅವೇ ನಕ್ಷತ್ರ. ಆಮೇಲೆ ಅಭ್ಯಾಸವಾಗಿ ನಾಚಿಕೆಯೂ ಹೋಯಿತು.

ಇಷ್ಟರಲ್ಲಿ ಒಂದು ಸುದ್ದಿ ಬಂತು. ಶಿವಮೊಗ್ಗದಿಂದ ಅಧಿಕಾರಿಯೊಬ್ಬರು ಮಂಗಳವಾರ ಬರುತ್ತಾರೆ, ಕಂಪ್ಯೂಟರ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡುತ್ತಾರೆ. ಕೆಲಸ ಮಾಡಿದರೆ ಮಷೀನು ಇಲ್ಲೇ ಉಳಿಯುತ್ತದೆ, ಅದನ್ನು ನಡೆಸುವವರ ಹುದ್ದೆ ಖಾಯಂ ಆಗುತ್ತದೆ. ಇಲ್ಲದಿದ್ದರೆ ಅದನ್ನು ತೀರ್ಥಹಳ್ಳಿಯ ಸಂಘಕ್ಕೆ ಸಾಗಿಸುತ್ತಾರೆ. ಟೈಪ್‌ರೈಟರ್ ಆಗಲೇ ಹರಾಜಾಗಿದ್ದರಿಂದ ಯಮುನಮ್ಮ ಸೀದಾ ಮನೆಗೆ. ಇಷ್ಟು ವರ್ಷ ಕಾದದ್ದು ಬಂದರೆ ಮಂಗಳವಾರ ಬರಬೇಕು, ಹೋದರೆ ಮಂಗಳವಾರವೇ ಹೋಗಬೇಕು.

ಸೋಮವಾರ ನಿಟ್ಟೂರಿನಲ್ಲಿ ಗಂಡನ ಅಕ್ಕ ವಿಶಾಲಮ್ಮನ ಮೊಮ್ಮಗುವಿನ ನಾಮಕರಣ. ತಪ್ಪಿಸುವ ಹಾಗಿರಲಿಲ್ಲ. ಸಂಜೆಯ ಬಸ್ಸಿಗೆ ವಾಪಸು ಬರುತ್ತೇನೆಂದು ಚಂದ್ರಯ್ಯನವರಿಗೆ ಹೇಳಿ, ರಜೆ ಹಾಕಿದ್ದ ಗಂಡನ ಜೊತೆ ಹೋದಳು. ಮಗುವಿನ ಕಿವಿಯಲ್ಲಿ ಹೆಸರು ಉಸಿರಿ, ಇನ್ನೇನು ಎಲೆ ಹಾಕಬೇಕು, ಅಷ್ಟರಲ್ಲಿ ಪೋಸ್ಟ್ ಮಾಸ್ತರ್ ಸುಬ್ಬಪ್ಪನವರೇ ಏದುಸಿರು ಬಿಡುತ್ತ ಬಂದರು. “ಯಮುನಮ್ಮ, ಹೊಸನಗರದಿಂದ ಫೋನು. ಲೈನ್ ಹಿಡ್ಕಂಡೇ ಅದಾರೆ, ಓಡಿ ಬನ್ನಿ!”

ಅವಳು ಓಡಿದಳು. ಏನು ಅನಾಹುತವೋ ಎಂದು ಗುತ್ಯಪ್ಪನೂ ಹಿಂದೆಯೇ ಬಂದ. ಪೋಸ್ಟ್ ಆಫೀಸಿನಲ್ಲಿ ಮನಿಯಾರ್ಡರ್‌ಗೆ ಬಂದ ಮುದುಕರು, ಸ್ಟಾಂಪ್ ಕೊಳ್ಳಲು ಬಂದವರು, ಸುಮ್ಮನೆ ಕೂರಲು ಬಂದವರು ಎಲ್ಲರೂ ಇದ್ದರು. ಫೋನಿನಲ್ಲಿ ಬಾಣಲೆಗೆ ಹಪ್ಪಳ ಬಿಟ್ಟ ಹಾಗೆ ಸದ್ದು. ಅದರ ನಡುವೆ ಚಂದ್ರಯ್ಯನವರ ದನಿ.

“ಯಮುನಮ್ಮ, ಸಾಹೇಬ್ರು ಇವತ್ತೇ ಬಂದ್ಬಿಟ್ರು! ಊಟ ಮಾಡಿ ತೀರ್ಥಹಳ್ಳಿಗೆ ಹೋಗ್ತಾರಂತೆ. ಮಷೀನು ಪದ ಕೇಳ್ತದೆ. ಏನು ಪದ?”

ಅವಳ ಪಕ್ಕದಲ್ಲೇ ಗಂಡ. ಯಾರಿಗೂ ಹೇಳಬೇಡಿ ಎಂದವನು ಸಾಗರದಲ್ಲಿ. ಹೇಳದಿದ್ದರೆ ಕೆಲಸ ಹೋಯಿತು. ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ, “ನಮ್ಮವ್ರ ಹೆಸ್ರು” ಎಂದಳು.

“ನಮ್ಮೂರ ಹೆಸರಾ? ಸರಿ ಸರಿ.” ಚಂದ್ರಯ್ಯನವರು ಒಂದೇ ಬೆರಳಿನಲ್ಲಿ ಹೊಸನಗರ ಎಂದು ಹೊಡೆದಿರಬೇಕು. ಸ್ವಲ್ಪ ಹೊತ್ತಿಗೆ ‘ಕುಂಯ್’ ಎಂದದ್ದು ಫೋನಿನಲ್ಲೂ ಕೇಳಿಸಿತು. ತಪ್ಪು ಪದ ಹಾಕಿದರೆ ಮಷೀನು ಹಾಗೆ ಕುಯ್ಗುಡುತ್ತಿತ್ತು.

“ಆಗ್ಲಿಲ್ಲ. ನಿಮ್ಮ ತವರೂರಾ? ಸಾಗರ ಹಾಕ್ಲಾ?”

“ಊರಲ್ಲ ಸಾರ್! ನಮ್ಮವ್ರು! ಅದೇ... ಚಂದ್ರಗುತ್ತಿ ಅಮ್ಮನ ಹೆಸ್ರಿಟ್ಟಿದ್ದಲ್ವಾ...” ಚಂದ್ರಗುತ್ತಿಯ ಗುತ್ಯಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನೆಂದು ಅತ್ತೆ ಅವನಿಗೆ ಆ ಹೆಸರಿಟ್ಟಿದ್ದರು. ಇದಕ್ಕಿಂತ ಹತ್ತಿರದ ಸುಳಿವು ಅವಳಿಂದ ಸಾಧ್ಯವಿರಲಿಲ್ಲ.

“ಚಂದ್ರಗುತ್ತಿ! ಅದೂ ಊರೇ ಅಲ್ವೇನ್ರಿ? ಅಲ್ಲಾ, ಊರಲ್ಲ ಅಂತೀರಿ, ಊರಿನ ಹೆಸ್ರೇ ಹೇಳ್ತೀರಿ!” ಎಂದು ಚಂದ್ರಯ್ಯನವರು ರೇಗಿದರು. ಕುಂಯ್. ಹಿಂದಿನಿಂದ ಯಾರದೋ ಬೇಸರದ ದನಿ, “ಸಾಕು ಬಿಡ್ರಿ, ತೀರ್ಥಹಳ್ಳಿಯವರು ಇದನ್ನ ಚೆನ್ನಾಗಿ ನೋಡ್ಕೋತಾರೆ” ಎಂದಿತು.

ಆ ಕ್ಷಣ ಅವಳಿಗೆ ಏನಾಯಿತೋ. ಫೋನನ್ನು ಗಂಡನ ಕೈಗೆ ಕೊಟ್ಟು ‘ನಿಮ್ಮ ಹೆಸ್ರು ಹೇಳಿ’ ಎನ್ನಬಹುದಿತ್ತು. ಸುಬ್ಬಪ್ಪನವರಿಗೆ ಸನ್ನೆ ಮಾಡಬಹುದಿತ್ತು. ಇವೆಲ್ಲ ಹೊಳೆದದ್ದು ಮರುದಿನ. ಆಗ ಹೊಳೆದದ್ದು, ಇಷ್ಟು ವರ್ಷದ ಕೆಲಸ ಸಾಹೇಬರ ಜೀಪು ಹತ್ತಿ ಹೋಗುತ್ತಿದೆ ಎನ್ನುವುದೊಂದೇ. ಕಣ್ಣು ಮುಚ್ಚಿಕೊಂಡಳು, ಉಸಿರೆಳೆದುಕೊಂಡಳು.

“ಗುತ್ಯಪ್ಪಾ!”

ಯಾರೋ ಅಂಟಿಸಲು ಹೊರಟ ಸ್ಟಾಂಪು ನಾಲಿಗೆಯ ಮೇಲೇ ನಿಂತಿತು. ಗುತ್ಯಪ್ಪ ಅಭ್ಯಾಸಬಲದಿಂದ “ಹಾಂ, ರೈಟ್!” ಎಂದವನು, ಕೂಗಿದ್ದು ಯಾರೆಂದು ತಿಳಿದು ಹಾಗೇ ಬಾಯಿ ತೆರೆದು ನಿಂತ. ಯಮುನಮ್ಮ ಕಣ್ಣು ಬಿಟ್ಟು ಮೊದಲು ನೋಡಿದ್ದು ಅವನನ್ನು. ನೆಟ್ಟಗೆ ನಿಂತಿದ್ದ. ಉಸಿರಾಡುತ್ತಿದ್ದ. ಅಳು ಬರುವಂತಾಯಿತು, ಸಮಾಧಾನವೋ ಭಯವೋ ಅವಳಿಗೆ ಬಗೆಹರಿಯಲಿಲ್ಲ.

ಆ ಕಡೆಯಿಂದ ಚಂದ್ರಯ್ಯನವರು, “ಓಹೋ, ನಿಮ್ಮ ಯಜಮಾನ್ರ ಹೆಸ್ರು! ಮೊದ್ಲೇ ಹೇಳ್ಬಾರ್ದಾ?” ಎಂದು ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿದರು.

ಕುಂಯ್.

ಒಂದು ಟಿ ಹಾಕಿ ನೋಡಿದರು, ಎರಡು ಟಿ ಹಾಕಿ ನೋಡಿದರು, ಎಚ್ ಸೇರಿಸಿ ನೋಡಿದರು. ಕುಂಯ್, ಕುಂಯ್, ಕುಂಯ್.

ಯಮುನಮ್ಮ ದಿನಾ ಬೆಳಿಗ್ಗೆ ಹೊಡೆಯುವುದು ಅವರ ಹೆಸರನ್ನೇ. ಅದರಲ್ಲಿ ಅನುಮಾನವೇ ಇಲ್ಲ. ಮತ್ತೆ ಮಷೀನು ಯಾಕೆ ಒಪ್ಪುತ್ತಿಲ್ಲ? ಹೆಸರು ಬಾಯಲ್ಲಿ ಆಡಿದ್ದಕ್ಕೆ ಅದಕ್ಕೂ ಸಿಟ್ಟು ಬಂತೇ? ದಿಕ್ಕು ತೋಚದೆ ಪೋಸ್ಟ್ ಆಫೀಸಿನ ಮೇಜಿನ ಮೇಲೆ ಬೆರಳಿಟ್ಟಳು. ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಹಾಗೆ, ಏನೂ ಯೋಚಿಸದೆ, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟಳು. ಅವು ಓಡಿದವು. ಈ ಸಲ ಅವಳು ಬಗ್ಗಿ ನೋಡಿದಳು, ಯಾವ ಬೆರಳು ಎಲ್ಲಿ ಬೀಳುತ್ತದೆಂದು. ಎನ್. ಎ. ಎಂ. ಮತ್ತೆ ಎಂ...

“ಅಯ್ಯೋ ನನ್ನ ಕರ್ಮವೇ” ಎಂದಳು.

ಬಾಯಿ ಪಾಲಿಸಿದ ಮಡಿಯನ್ನು ಬೆರಳುಗಳೂ ಪಾಲಿಸಿದ್ದವು. ಅವಳ ಮನಸ್ಸು ‘ಅವರ ಹೆಸರು’ ಎಂದಾಗ ಬೆರಳುಗಳಿಗೆ ಗೊತ್ತಿದ್ದದ್ದು ಒಂದೇ ಹೆಸರು, ಅವಳು ದಿನಾ ಅವನಿಗೆ ಬಳಸುವ ಹೆಸರು.

“ಸಾರ್, ‘ನಮ್ಮವ್ರು’ ಅಂತ ಹೊಡೀರಿ.”

“ಮತ್ತೆ ಯಾವೂರ್ರಿ?”

“ಊರಲ್ಲ ಸಾರ್, ಬರ್ಕಳಿ. ಎನ್, ಎ, ಎಂ, ಎಂ, ಎ, ವಿ, ಆರ್, ಯು.”

ಹಪ್ಪಳ ಕರಿಯುವ ಸದ್ದೊಂದನ್ನು ಬಿಟ್ಟರೆ ಏನೂ ಕೇಳಿಸಲಿಲ್ಲ. ಕುಂಯ್ ಎನ್ನಲಿಲ್ಲ. ಮುಂದೆ ಯಾವ ಕೀಲಿ ಒತ್ತಬೇಕೆಂದು ಅವಳು ಹೇಳಿಕೊಟ್ಟ ಮೇಲೆ ಪ್ರಿಂಟರ್ ಕರ್ ಕರ್ ಎಂದು ಕಾಗದ ಎಳೆಯತೊಡಗಿತು. ಆ ಕರ್ಕಶ ಸದ್ದು ಅಷ್ಟು ಹಿತವಾಗಿ ಅವಳಿಗೆ ಯಾವತ್ತೂ ಕೇಳಿಸಿರಲಿಲ್ಲ. “ಪುಟ್ಟಪ್ಪಂದಿರು ಸಾಲಾಗಿ ಬರ್ತಾ ಅದಾರೆ ಯಮುನಮ್ಮ!” ಎಂದು ಚಂದ್ರಯ್ಯನವರು ಕೂಗಿದರು. “ಸಾಹೇಬ್ರು ತಲೆ ಆಡಿಸ್ತಿದಾರೆ. ಮಷೀನೂ ಇಲ್ಲೇ, ನೀವೂ ಇಲ್ಲೇ!”

ಅವಳು ಫೋನಿಟ್ಟಳು. ಮುದುಕರು ಅವಳನ್ನೇ ನೋಡುತ್ತಿದ್ದರು. ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿ ಹೊರಗೆ ಬಂದಳು. ಗುತ್ಯಪ್ಪ ಜೊತೆಗೆ ನಡೆದ. ಬೈಯುತ್ತಾನೋ ನಗುತ್ತಾನೋ ತಿಳಿಯದೆ ಅವಳು ಅವನ ಮುಖವನ್ನು ಕದ್ದು ಕದ್ದು ನೋಡುತ್ತ ಹೆಜ್ಜೆ ಹಾಕಿದಳು.

ವಿಶಾಲಮ್ಮನ ಮನೆಯ ಚಪ್ಪರದ ಹತ್ತಿರ ಅವನು ನಿಂತ. “ಊರೆಲ್ಲ ಕರೀತದೆ, ನೀನೂ ಒಂದಿನ ಕರೀತೀಯೇನೋ ಅಂತ ಇಷ್ಟು ವರ್ಷ ಕಾದೆ ಕಣೆ” ಎಂದ. “ಇವತ್ತು ಕರ್ದೆ. ಅದೂ ತಪ್ಪು ಹೆಸ್ರಾಗ್ಬೇಕಾ?”